ಕಿವಿ ಮೇಷ್ಟ್ರ ಹಳದಿ ಚೀಟಿ

...ಅಲ್ಲಲ್ಲ, ಆ ಸ್ಟೂಲ್ ಬೇಡ. ಅದಕ್ಕೆ ಅಂಟು ಮೆತ್ತಿದೆ, ಕೂತರೆ ನೀನು ಎದ್ದರೂ ಬಟ್ಟೆ ಏಳಲ್ಲ. ಇಲ್ಲಿ ಬಾ, ಕಿಟಕಿ ಹತ್ರ. ಬೆಳಕಿಗೆ ಮುಖ ಮಾಡಿ ಕೂತ್ಕೋ ಮಗಳೇ... ಹಾಂ, ಹಾಗೆ. ನಿನ್ನ ಮುಖ ನೋಡಿ ಎಷ್ಟು ದಿನ ಆಯ್ತು. ನಿನ್ನ ಗಂಡ ಹೋದ ಮೇಲೆ ನೀನು ಈ ಕಡೆ ತಲೆ ಹಾಕಲೇ ಇಲ್ಲ. ಒಂದು ತಿಂಗಳು ಹತ್ತು ದಿನ. ಲೆಕ್ಕ ಇದೆ ನನಗೆ.

ಅದನ್ನ ಕೆಳಗಿಡು. ಮೇಜಿನ ಮೇಲೆ ಇಡು, ಯಾಕೆ ಮಗು ಥರ ತೊಡೆ ಮೇಲೆ ಇಟ್ಕೊಂಡಿದ್ದೀಯ. ಬೆಡ್‌ಶೀಟಲ್ಲಿ ಸುತ್ತಿದ್ದೀಯ ಬೇರೆ. ಏನು? ಬಿಚ್ಚಬೇಕಾ? ಬಿಚ್ಚೋಣ, ಬಿಚ್ಚೋಣ, ಅದೆಲ್ಲಿ ಓಡಿಹೋಗುತ್ತೆ. ಅದು ಏನು ಅಂತ ನೀನು ಬಾಗಿಲಲ್ಲಿ ಕಂಡಾಗಲೇ ಗೊತ್ತಾಯ್ತು. ಮೂವತ್ತು ವರ್ಷ ಸೈಕಲ್ ಫ್ರೇಮ್ ಎತ್ತಿದ ಕೈ ಇದು. ಬಟ್ಟೆ ಮೇಲಿಂದಲೇ ತ್ರಿಕೋನ ಕಾಣುತ್ತೆ. ತ್ರಿಕೋನ ಉಳಿದಿಲ್ಲ ಅನ್ನೋದೂ ಕಾಣುತ್ತೆ.

ಏನಂದೆ? ಇತ್ತ ತಿರುಗಿ ಹೇಳು... ಓ, ಕಂಪ್ರೆಸರ್ರಾ. ಹೌದು ಓಡ್ತಾ ಇದೆ. ನಾನೇ ಬಿಟ್ಟಿರೋದು, ಬಣ್ಣ ಹೊಡಿಯೋದಿತ್ತು. ಬೆಳಿಗ್ಗೆಯಿಂದ ಸುಮ್ಮನೆ ಬಡ್ಕೋತಿದೆ ಅಂತ ಪಕ್ಕದ ಟೈಲರ್ ಹೇಳಿದ್ನಾ? ಅವನಿಗೆ ತನ್ನ ಹೊಲಿಗೆ ನೆಟ್ಟಗಿದ್ರೆ ಸಾಕು, ನನ್ನ ಕಂಪ್ರೆಸರ್ ಉಸಾಬರಿ ಯಾಕೆ. ಆರಿಸ್ಬಿಡು. ಆ ಕೆಂಪು ಗುಂಡಿ. ಹಾಂ. ಈಗ ನೋಡು ಎಷ್ಟು ನಿಶ್ಶಬ್ದ.

ಚಹಾ ಕುಡೀತೀಯಾ? ಬೇಡ್ವಾ. ಸರಿ.

ನೀನು ಬಾಗಿಲಲ್ಲಿ ನಿಂತು ಕೇಳಿದ್ದು ನನಗೆ ಅರ್ಥ ಆಯ್ತು. ಅರ್ಥ ಆಗದೆ ಏನು, ಈ ಒಂದು ತಿಂಗಳಿಂದ ನಾನೂ ಅದನ್ನೇ ಕೇಳ್ಕೋತಿದ್ದೀನಿ. ಅವನು ಬಿದ್ದು ಸೈಕಲ್ ಮುರೀತಾ, ಸೈಕಲ್ ಮುರಿದು ಅವನು ಬಿದ್ನಾ? ಅಷ್ಟೇ ತಾನೇ? ಹೇಳ್ತೀನಿ. ಎಲ್ಲಾ ಹೇಳ್ತೀನಿ. ಆದರೆ ಮೊದಲಿಂದ ಹೇಳ್ಬೇಕು, ಇಲ್ಲದಿದ್ರೆ ನಿನಗೆ ತಿಳಿಯಲ್ಲ. ನಿನಗೇ ಅಂತಲ್ಲ, ಯಾರಿಗೂ ತಿಳಿಯಲ್ಲ. ಪೊಲೀಸರು ಬಂದಿದ್ರಲ್ಲ, ಅವರಲ್ಲೊಬ್ಬ ಮುರಿದ ತುದಿ ನೋಡಿ ಕೇಳ್ತಾನೆ, ಇದೇನ್ರೀ ಕಪ್ಪು ಪ್ಲಾಸ್ಟಿಕ್ಕಾ ಅಂತ. ಪ್ಲಾಸ್ಟಿಕ್ಕಂತೆ.

ಬಟ್ಟೆ ಕಣಮ್ಮ ಅದು. ಕಾರ್ಬನ್ ಅಂದ್ರೆ ಬಟ್ಟೆ. ಕೂದಲಿಗಿಂತ ಸಣ್ಣ ಎಳೆ, ಸಾವಿರಾರು ಎಳೆ, ಪದರದ ಮೇಲೆ ಪದರ ಹಾಸಿ, ಅಂಟು ಕುಡಿಸಿ, ಅಚ್ಚಲ್ಲಿಟ್ಟು ಬೇಯಿಸಿದ ಬಟ್ಟೆ. ತೂಕಕ್ಕೆ ತೂಕ ಇಟ್ಟು ನೋಡಿದ್ರೆ ಉಕ್ಕು ಅದರ ಕಾಲ ಧೂಳಿಗೆ ಸಮ ಇಲ್ಲ. ತುಕ್ಕು ಹಿಡಿಯಲ್ಲ. ಅಲ್ಯೂಮಿನಿಯಂ ಥರ ತುಳಿದು ತುಳಿದು ದಣಿಯಲ್ಲ. ಎಳೆ ಓಡೋ ದಿಕ್ಕಿಗೆ ಎಳಿ, ಆನೆ ಕಟ್ಟಿ ಎಳಿ, ಜಪ್ಪಯ್ಯ ಅಂದ್ರೂ ಜಗ್ಗಲ್ಲ. ಸರಿಯಾಗಿ ನೋಡ್ಕೊಂಡ್ರೆ ಅದು ಸವಾರನಿಗಿಂತ ಹೆಚ್ಚು ದಿನ...

ಬಾಳುತ್ತೆ ಅನ್ನೋಕೆ ಹೊರಟೆ. ಬಿಡು. ಬಾಯಿಗೆ ರೂಢಿಯಾದ ಮಾತು. ಬಂದವರಿಗೆಲ್ಲ ಹೇಳಿ ಹೇಳಿ.

ಒಂದೇ ಒಂದು ದೋಷ ಅದಕ್ಕೆ. ಅಡ್ಡದಿಂದ ಒಂದು ಮೊನೆ ತಾಗಬಾರದು. ಕಲ್ಲಿನ ಮೂಲೆ, ಕಾರಿನ ಬಂಪರ್ರು, ಬಾಗಿಲ ಚಿಲಕ. ತಾಗಿದ್ರೆ ಒಳಗಿನ ಪದರ ಪದರ ಬಿಟ್ಕೊಳ್ಳುತ್ತೆ. ಮೇಲೆ ಬಣ್ಣ ಹಾಗೇ ಇರುತ್ತೆ, ಹೊಳೀತಾ ಇರುತ್ತೆ. ಉಕ್ಕು ಬಾಯಿಬಡುಕ. ಸ್ವಲ್ಪ ನೋವಾದ್ರೂ ಬಾಗುತ್ತೆ, ಕಿರುಗುಟ್ಟುತ್ತೆ, ಊರಿಗೆಲ್ಲ ಸಾರುತ್ತೆ. ಕಾರ್ಬನ್ ಹಾಗಲ್ಲ. ನುಂಗ್ಕೋತಾನೇ ಇರುತ್ತೆ. ನುಂಗ್ಕೋತಾನೇ ಇರುತ್ತೆ. ಒಂದು ದಿನ ಒಂದೇ ಸಲಕ್ಕೆ ಕೈ ಬಿಡುತ್ತೆ. ನಿನ್ನ ಥರ. ಚಿಕ್ಕವಳಿದ್ದಾಗ ಕೂಡ ಬೈದ್ರೆ ನೀನು ಅಳ್ತಿರಲಿಲ್ಲ, ಮೂರು ದಿನ ಬಿಟ್ಟು ಸಣ್ಣ ವಿಷಯಕ್ಕೆ, ಚಮಚ ಬಿತ್ತು ಅಂತ ಕೂತು ಅತ್ತುಬಿಡೋಳು.

ಬಾಯಿಗೆ ಶಾಲು ಅಡ್ಡ ಇಟ್ಕೋಬೇಡ. ಚಳಿನಾ? ಕಿಟಕಿ ಹಾಕ್ಲಾ? ಮತ್ತೆ ಯಾಕೆ ಮುಚ್ಕೋತೀಯ, ತೆಗಿ. ಮುಖ ನೋಡ್ಕೊಂಡು ಮಾತಾಡಿದ್ರೆ ಮಾತಾಡಿದ ಹಾಗೆ ಇರುತ್ತೆ.

ಹಾಗಾದ್ರೆ ಒಳಗೆ ಬಿಟ್ಕೊಂಡಿದ್ಯೋ ಇಲ್ವೋ ತಿಳಿಯೋದು ಹೇಗೆ? ಕಣ್ಣಿಗೆ ಕಾಣಲ್ಲ. ಅಲ್ಲಿಗೆ ಬಂತು ನೋಡು ಈ ನಾಣ್ಯ. ನಿನಗೆ ಗೊತ್ತಲ್ಲ ಇದು, ಆಡಿಕೊಂಡು ಬೆಳೆದಿದ್ದೀಯ ಇದರ ಜೊತೆ. ಯಾವ ಅಂಗಡೀಲೂ ನಡೆಯಲ್ಲ ಈಗ, ಮುಖ ಎಲ್ಲಾ ಸವೆದು ಬೋಳಾಗಿದೆ. ಇದರಲ್ಲಿ ಕೊಳವೆ ಉದ್ದಕ್ಕೂ ಹೀಗೆ... ಟಣ್, ಟಣ್, ಟಣ್ ಅಂತ ತಟ್ತಾ ಹೋಗೋದು. ಗಟ್ಟಿ ಇರೋ ಕಡೆ ಜೀವದ ಸದ್ದು. ಒಳಗೆ ಬಿಟ್ಕೊಂಡಿರೋ ಕಡೆ ಸತ್ತ ಸದ್ದು, ಡಬ್ ಅಂತ, ಒದ್ದೆ ಹಲಗೆ ತಟ್ಟಿದ ಹಾಗೆ. ಅಷ್ಟೇ ವಿದ್ಯೆ. ಯಾರು ಬೇಕಾದ್ರೂ ತಟ್ಟಬಹುದು. ಕೇಳೋಕೆ ಮಾತ್ರ ಕಿವಿ ಬೇಕು.

ಅದಕ್ಕೇ ತಾನೇ ನನ್ನ ಕಿವಿ ಮೇಷ್ಟ್ರು ಅಂತ ಕರೆಯೋದು. ಹೆಸರು ಯಾರಿಗೂ ನೆನಪಿಲ್ಲ, ಕರೆಂಟ್ ಬಿಲ್ ಕೂಡ ಕಿವಿ ಮೇಷ್ಟ್ರು ಅಂತ ಬರದಿರೋದೇ ಹೆಚ್ಚು. ಎಷ್ಟು ದೂರದಿಂದ ತರ್ತಿದ್ರು. ರೈಲಲ್ಲಿ ತರ್ತಿದ್ರು. ನಾನು ತಟ್ಟಿ, ಕೇಳಿ, ಒಂದು ಹಳದಿ ಚೀಟಿ ಅಂಟಿಸೋದು, ಕಾಸಿನಗಲ. 'ಕೇಳಿ ನೋಡಿದೆ' ಅಂತ ಅಷ್ಟೇ ಅಚ್ಚಾಗಿರೋದು ಅದರ ಮೇಲೆ. ಆ ಚೀಟಿ ಇದ್ರೆ ಕಣ್ಣು ಮುಚ್ಕೊಂಡು ಸೈಕಲ್ ಕೊಳ್ತಾರೆ ಜನ. ಆ ಗೋಡೆ ನೋಡು. ಆರು ಫ್ರೇಮ್ ನೇತಾಡ್ತಿವೆಯಲ್ಲ, ಎಲ್ಲಾ ಈ ವಾರದ್ದು. ನಾಳೆ ಬೆಳಿಗ್ಗೆ ತಗೊಂಡು ಹೋಗ್ತಾರೆ.

ಹೌದು, ಆರಕ್ಕೂ ಅಂಟಿಸಿದ್ದೀನಿ. ಯಾಕೆ ಹಾಗೆ ನೋಡ್ತೀಯ? ಕೆಲಸ ನಿಲ್ಲಿಸ್ಬೇಕಿತ್ತಾ? ಕೂತ್ರೆ ಹುಚ್ಚು ಹಿಡಿಯುತ್ತೆ ಮಗಳೇ. ಕೈಗೆ ಕೆಲಸ ಬೇಕು ನನಗೆ.

ಯಾಕೆ ನಗ್ತೀಯ? ಅಲ್ಲ, ನಗು ಅಲ್ವಾ ಅದು... ಏನು? ನಿಮ್ಮಮ್ಮನ ವಿಷಯಾನಾ? ನಿಧಾನ ಹೇಳು. ಮಾತಾಡೋ ಮುಂಚೆ ಅವಳು ನನ್ನ ಭುಜ ಮುಟ್ತಾಳಾ? ಮುಟ್ಟಲಿ ಬಿಡು, ಮೂವತ್ತೈದು ವರ್ಷ ಸಂಸಾರ ಮಾಡಿದ್ದಾಳೆ, ಭುಜ ಮುಟ್ಟೋಕೆ ಹಕ್ಕಿಲ್ವಾ? ವಯಸ್ಸಾದ ಮೇಲೆ ಪ್ರೀತಿ ಜಾಸ್ತಿ ಆಗುತ್ತೆ. ನಿಮಗೆಲ್ಲ ತಮಾಷೆ. ಟಿವಿನಾ? ಟಿವಿ ಜೋರು ಇಡೋದು ಅವಳೇ, ನಾನಲ್ಲ. ಅವಳಿಗೇ ಸ್ವಲ್ಪ ಮಂದ ಆಗಿದೆ ಈಗೀಗ, ಪಾಪ, ಹೇಳಿದ್ರೆ ಬೇಜಾರು ಮಾಡ್ಕೋತಾಳೆ ಅಂತ ನಾನೂ ಸುಮ್ಮನಿದ್ದೀನಿ.

ಎಲ್ಲಿದ್ದೆ ನಾನು?

ಹಾಂ. ಆ ದಿನ.

ನೀನೇ ತಂದಿದ್ದು. ನೆನಪಿದೆಯಾ? ಇಲ್ಲಮ್ಮ, ನಿನ್ನ ಮೇಲೆ ಹೊರಿಸ್ತಿಲ್ಲ. ತಂದಿದ್ದು ನೀನು ಅಂತ ಹೇಳಿದೆ, ಅಷ್ಟೇ. ಅವನು ಪಾರ್ಕ್ ಹತ್ರ ಸೈಕಲ್ ಒರಗಿಸಿ ಒಂದು ಫೋನ್ ಮಾಡೋಕೆ ಹೋಗಿದ್ದ, ಗಾಳಿಗೆ ಅದು ಬಿತ್ತು, ಕಲ್ಲು ಬೆಂಚಿನ ಮೂಲೆ ತಾಗಿತು. ಓಡಿಸ್ತಿರುವಾಗ ಬಿದ್ದಿದ್ದೂ ಅಲ್ಲ. ನಿಂತಿದ್ದು ಬಿತ್ತು. ಕೆಳಗಿನ ದಪ್ಪ ಕೊಳವೆ ಮೇಲೆ ಉಗುರಿನಷ್ಟು ಗುರುತು. ಬಣ್ಣ ಕೂಡ ಪೂರ್ತಿ ಎದ್ದಿರಲಿಲ್ಲ.

ಅವನು ಯಾವಾಗಲೂ ಹಾಗೇ, ಲೆಕ್ಕದ ಮೇಷ್ಟ್ರು. ಎಲ್ಲಕ್ಕೂ ಅಳತೆ ಬೇಕು, ಸಾಕ್ಷಿ ಬೇಕು. ಅಳಿಯಂದಿರು ಅಂತ ಕರೀಬೇಕು ಅಂತಾಳೆ ನಿಮ್ಮಮ್ಮ, ನನ್ನ ಬಾಯಿಗೆ ಬರ್ತಿರಲಿಲ್ಲ. ಮದುವೆಗೆ ಮುಂಚಿನಿಂದ ಆ ಸ್ಟೂಲ್ ಮೇಲೆ ಕೂತು ನನ್ನ ತಲೆ ತಿಂದವನು. ಇದು ಎಷ್ಟು ಭಾರ ತಡೆಯುತ್ತೆ, ಅದು ಎಷ್ಟು ಬಾಗುತ್ತೆ, ಇದಕ್ಕೆ ಪ್ರಮಾಣ ಏನು. ಆ ಅಂಟಿನ ಸ್ಟೂಲ್... ಅವನೇ ಅಂಟು ಚೆಲ್ಲಿದ್ದು ಅದರ ಮೇಲೆ. ಕೆರೆದು ತೆಗೀಬೇಕು ತೆಗೀಬೇಕು ಅಂದ್ಕೊಂಡೆ. ಈಗ ತೆಗೆಯೋಕೆ ಮನಸ್ಸಿಲ್ಲ.

ಅವನು ಏನಂದ ನಿನಗೆ ಆವತ್ತು? ಹೊಸ ಲ್ಯಾಬ್ ಇದೆ, ಯಂತ್ರದಲ್ಲಿ ಒಳಗಿನ ಪದರ ನೋಡ್ತಾರೆ, ಅಲ್ಲಿಗೆ ಕಳಿಸೋಣ ಅಂದ. ಅಂದ್ನೋ ಇಲ್ವೋ? ಹಿತ್ತಲ ಗಿಡ ಮದ್ದಲ್ಲ ಅಂತ ನನಗೆ ಚುಚ್ಚಿತು. ಹೌದು, ಚುಚ್ಚಿತು, ಸುಳ್ಳು ಯಾಕೆ ಹೇಳ್ಲಿ. ಊರವರೆಲ್ಲ ನನ್ನ ಕಿವಿ ನಂಬ್ತಾರೆ, ಮನೆ ಅಳಿಯ ಯಂತ್ರ ನಂಬ್ತಾನೆ. ಆಗ ನೀನು ಅಂದೆ... ಅಪ್ಪನ ಕಿವಿ ಮುಂದೆ ಯಂತ್ರ ಯಾಕೆ ಅಂದೆ. ಅವನ ಕೈಯಿಂದ ಕಿತ್ಕೊಂಡು ಇಲ್ಲಿಗೆ ತಂದೆ. ಎಷ್ಟು ಹೆಮ್ಮೆ ಆಯ್ತು ಗೊತ್ತಾ ನನಗೆ. ಆ ಮಾತು...

ಅಳಬೇಡ. ಅದಕ್ಕೇ ಈ ವಿಷಯ ಎತ್ತಬಾರದು ಅಂದ್ಕೊಂಡಿದ್ದೆ. ನೀನು ಮಾಡಿದ್ದೇನೂ ತಪ್ಪಿಲ್ಲ. ನಾನು ತಟ್ಟಿದೆ ಅಲ್ವಾ? ನಿನ್ನ ಎದುರಿಗೇ ತಟ್ಟಿದೆ. ಆ ಗುರುತಿನ ಮೇಲೆ ಮೂರು ಸಲ, ಸುತ್ತ ಹತ್ತು ಸಲ. ಟಣ್ ಅಂತು. ಗಂಟೆ ಥರ ಅಂತು. ನೀನೂ ಕೇಳಿದೆ.

ಇಲ್ವಾ? ನೀನು ಇಲ್ಲಿರಲಿಲ್ವಾ? ...ಓ. ಹೊರಗೆ ಹೋಗಿದ್ದೆ. ಅಮ್ಮನಿಗೆ ಫೋನ್ ಮಾಡೋಕೆ. ಸರಿ, ಇದ್ದೆ ಅಂತ ನೆನಪಿತ್ತು ನನಗೆ. ನೀನು ಒಳಗೆ ಬರೋ ಹೊತ್ತಿಗೆ ಚೀಟಿ ಅಂಟಿಸಿದ್ದೆ. ನೂರು ವರ್ಷ ಬಾಳುತ್ತೆ ತಗೊಂಡು ಹೋಗು ಅಂದೆ.

ಮೂರು ವಾರ ಓಡಿಸ್ದ ಅವನು ಅದನ್ನ. ಮೂರು ವಾರ. ಒಳಗೆ ಕೆಟ್ಟಿದ್ರೆ ಮೂರು ವಾರ ತಡ್ಕೋತಿತ್ತಾ? ನೀನೇ ಯೋಚನೆ ಮಾಡು.

ಒಂದು ನಿಮಿಷ... ಬಾಗಿಲಲ್ಲಿ ಯಾರೋ ಬಂದ್ರು ನೋಡು. ಸೈಕಲ್ ಬಂತಲ್ಲ ಈಗ? ಇಲ್ವಾ? ಯಾರೂ ಇಲ್ವಾ.

ಏನಿಲ್ಲ. ಏನಿಲ್ಲ ಅಂದೆನಲ್ಲ. ಹೇಳಿದ್ರೆ ನೀನು ಹೆದರ್ಕೋತೀಯ.

ಸರಿ, ಕೇಳು. ಪೆಡಲ್ ನಿಲ್ಲಿಸಿ ಸುಮ್ಮನೆ ತೇಲಿಸ್ಕೊಂಡು ಬಂದ್ರೆ ಹಿಂದಿನ ಚಕ್ರ ಟಿಕ್ ಟಿಕ್ ಟಿಕ್ ಅನ್ನುತ್ತಲ್ಲ, ಒಂದೊಂದು ಸೈಕಲ್‌ದು ಒಂದೊಂದು ಥರ. ಅವನದು ನನಗೆ ಗೊತ್ತು, ನಾನೇ ಎಣ್ಣೆ ಹಾಕಿದ್ದು. ಬೀದಿ ತಿರುವಿಂದ ಶುರುವಾಗಿ ಬಾಗಿಲ ಹತ್ರ ನಿಧಾನ ಆಗೋದು. ಟಿಕ್... ಟಿಕ್... ಟಿಕ್. ಆಮೇಲೆ, ಮಾವ, ಚಹಾ ಇದೆಯಾ ಅನ್ನೋನು. ಅದು ಈಗಲೂ ಬರುತ್ತೆ. ದಿನಾ ಬರುತ್ತೆ. ಹನ್ನೊಂದು ಗಂಟೆಗೆ ಒಂದ್ಸಲ, ನಾಲ್ಕಕ್ಕೆ ಒಂದ್ಸಲ. ತಲೆ ಎತ್ತಿ ನೋಡಿದ್ರೆ ಬಾಗಿಲು ಖಾಲಿ, ಹೊರಗೆ ಬಿಸಿಲು. ಮೊದಲ ವಾರ ಎದ್ದು ಹೋಗಿ ನೋಡ್ತಿದ್ದೆ. ಈಗ ನೋಡಲ್ಲ. ಎರಡು ಲೋಟ ಇಟ್ಕೋತೀನಿ ಅಷ್ಟೇ. ಆ ಎರಡನೇದು ಆರಿಹೋಗುತ್ತೆ, ಚೆಲ್ತೀನಿ.

ಡಾಕ್ಟರ್ರಾ? ಯಾವ ಡಾಕ್ಟರ್? ಕಿವಿ ಡಾಕ್ಟರ್ ಯಾಕೆ, ಇದು ಮನಸ್ಸಿನ ವಿಷಯ. ನೀನು ಇವತ್ತು ಎಲ್ಲಾ ಸುತ್ತಿ ಸುತ್ತಿ ಕಿವಿಗೇ ತರ್ತಿದ್ದೀಯ, ಏನು ಸಮಾಚಾರ? ಹಾಗೆ ನೋಡಬೇಡ ನನ್ನ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅನ್ನೋ ಥರ ನೋಡ್ತಿದ್ದೀಯ.

ಬಿಚ್ಚಲಾ? ಬಿಚ್ಚಿಬಿಡ್ತೀನಿ. ಯಾವತ್ತಾದ್ರೂ ಬಿಚ್ಚಲೇಬೇಕು.

...

ನಮ್ಮಪ್ಪನೇ.

ಇಲ್ಲ, ಪರವಾಗಿಲ್ಲ. ಕೂತ್ಕೋ, ಕೂತ್ಕೋ, ನೀರು ಬೇಡ. ಎಷ್ಟು ಹಗುರ ಇದೆ. ಯಾವಾಗಲೂ ಹಗುರಾನೇ ಇತ್ತು, ಒಂದು ಬೆರಳಲ್ಲಿ ಎತ್ತಿ ತೋರಿಸೋನು ಅವನು, ನೋಡಿ ಮಾವ ಅಂತ.

ಇಲ್ಲಿ ಮುರಿದಿದೆ. ಕೆಳಗಿನ ಕೊಳವೆ, ಹ್ಯಾಂಡಲ್ ಕಡೆಯಿಂದ ಒಂದು ಗೇಣು. ಎಳೆ ಎಲ್ಲಾ ಹೊರಗೆ ಬಂದಿದೆ. ಮುಟ್ಟಬೇಡ, ಚುಚ್ಚುತ್ತೆ, ಮುಳ್ಳಿಗಿಂತ ಕಡೆ ಅದು. ಮತ್ತೆ ಇದು... ಹೌದು. ಚೀಟಿ. ನನ್ನ ಚೀಟಿ. ಬಿದ್ದಿಲ್ಲ, ಹರಿದೂ ಇಲ್ಲ. ಮುರಿದ ಗೆರೆ ಅದರ ಪಕ್ಕದಲ್ಲೇ ಹೋಗಿದೆ. ಅಂಚಿಗೆ ಅಂಟಿಕೊಂಡು.

ನೀನು ಏನು ಅಂದ್ಕೋತಿದ್ದೀಯ ಗೊತ್ತು. ಆದರೆ ಕೇಳು. ಇಳಿಜಾರು ರಸ್ತೆ. ತಿರುವು. ಆ ಕಡೆ ತಡೆಗೋಡೆ. ವೇಗವಾಗಿ ಇಳೀತಿದ್ದ, ಮರಳಿತ್ತು, ಜಾರಿದ, ಗೋಡೆಗೆ ಹೊಡೆದ, ಹೊಡೆದ ಏಟಿಗೆ ಫ್ರೇಮ್ ಮುರೀತು. ಬಿದ್ದು ಮುರಿದಿದ್ದು. ಪೊಲೀಸರೂ ಹಾಗೇ ಬರ್ಕೊಂಡಿದ್ದಾರೆ. ಹಿಂದೆ ಬರ್ತಿದ್ದವನು ಹೇಳಿದ್ನಾ? ಅವನ ಗೆಳೆಯ? ಏನಂತ... ನಿಧಾನ, ನಿಧಾನ ಹೇಳು, ಅಳ್ತಾ ಹೇಳಿದ್ರೆ ನನಗೆ ತಿಳಿಯಲ್ಲ. ಮೊದಲು ಸದ್ದು ಬಂತಾ? ಕೊಂಬೆ ಮುರಿದ ಹಾಗೆ? ಆಮೇಲೆ ಬಿದ್ನಾ?

ಗಾಳಿ ಸದ್ದಲ್ಲಿ ಅವನಿಗೆ ಏನು ಕೇಳಿರುತ್ತೆ. ಹಿಂದೆ ಇದ್ದವನು. ಅವನ ಕಿವಿ ನಂಬ್ತೀಯ, ಅಪ್ಪನ ಕಿವಿ ನಂಬಲ್ಲ ನೀನು.

ನಾನು ಹೋಗಿದ್ದೆ ಅಲ್ಲಿಗೆ. ನಿನಗೆ ಹೇಳಿರಲಿಲ್ಲ. ನಿಮ್ಮಮ್ಮನಿಗೂ ಹೇಳಿಲ್ಲ, ಅಂಟು ತರೋಕೆ ಅಂತ ಹೋದೆ. ಆ ತಿರುವಲ್ಲಿ ನಿಂತೆ. ಗೋಡೆ ಮೇಲೆ ಬಣ್ಣದ ಗೀರಿದೆಯಾ ಅಂತ ಹುಡುಕಿದೆ. ಫ್ರೇಮ್ ಗೋಡೆಗೆ ತಾಗಿದ್ರೆ ಅದರ ನೀಲಿ ಬಣ್ಣ ಇರ್ಬೇಕು. ಇರ್ಬೇಕಲ್ವಾ? ಮೊಣಕಾಲೂರಿ ಉದ್ದಕ್ಕೂ ನೋಡಿದೆ, ಕನ್ನಡಕ ಹಾಕ್ಕೊಂಡು ನೋಡಿದೆ. ಕಾರಿನವರು ನಿಲ್ಲಿಸಿ ಏನಾದ್ರೂ ಕಳ್ಕೊಂಡ್ರಾ ಅಂತ ಕೇಳಿದ್ರು.

ಮಳೆ ಬಂದಿತ್ತಲ್ಲ ಮಧ್ಯೆ. ತೊಳೆದುಹೋಗಿರುತ್ತೆ.

ಮಾತಾಡು. ಬೈಯೋದಾದ್ರೆ ಬೈದುಬಿಡು.

ಏನು? ಯಾವ ಡಬ್ಬ? ...ಬಿಸ್ಕತ್ ಡಬ್ಬಾನಾ? ಇದೆ, ಇದೆ, ಅದೆಲ್ಲಿಗೆ ಹೋಗುತ್ತೆ. ಆ ಮೇಲಿನ ಹಲಗೇಲಿ. ಐದೂ ಹಾಗೇ ಇವೆ ನೋಡು, ನಿನ್ನ ಆಟದ ತುಂಡು ಕೊಳವೆಗಳು. ನಾಲ್ಕು ಜೀವದ್ದು, ಒಂದು ಸತ್ತದ್ದು. ಶಾಲೆಯಿಂದ ಬಂದವಳೇ ಚೀಲ ಎಸೆದು, ಅಪ್ಪಾ ಗೋಡೆಗೆ ತಿರುಗು ಅನ್ನೋಳು. ನಾನು ಗೋಡೆಗೆ ಮುಖ ಮಾಡಿ ನಿಲ್ಲೋದು, ನೀನು ಸಾಲಾಗಿ ಇಟ್ಟು ಹಿಂದೆ ತಟ್ಟೋದು, ಸತ್ತದ್ದು ಎಷ್ಟನೇದು ಅಂತ ನಾನು ಹೇಳೋದು. ಒಂದು ದಿನಾನೂ ಸೋತಿಲ್ಲ ನಾನು. ಒಂದ್ಸಲ ನೀನು ಟವೆಲ್ ಮೇಲಿಟ್ಟು ಮೋಸ ಮಾಡಿದೆ, ಅದನ್ನೂ ಕಂಡುಹಿಡಿದೆ. ನಿನ್ನ ಮುಖ ನೋಡ್ಬೇಕಿತ್ತು ಆವತ್ತು. ಪ್ರಪಂಚದಲ್ಲಿ ನಮ್ಮಪ್ಪನ ಥರ ಇನ್ನೊಬ್ಬರಿಲ್ಲ ಅನ್ನೋ ಹಾಗೆ ನೋಡಿದೆ.

ಈಗಾ? ಈಗ ಆಡ್ಬೇಕಾ? ಮಗಳೇ, ಇದು ಆಟದ ಹೊತ್ತಾ? ಎದುರಿಗೆ ಇದನ್ನ ಇಟ್ಕೊಂಡು...

ಬೇಡಮ್ಮ. ಇವತ್ತು ಬೇಡ. ನೆಗಡಿ ಆಗಿದೆ ನನಗೆ, ಕಿವಿ ಕಟ್ಟಿದ ಹಾಗಿದೆ.

ಆಡಿದ್ರೆ ನಂಬ್ತೀಯಾ? ಸರಿಯಾಗಿ ಹೇಳಿದ್ರೆ ಬಿದ್ದೇ ಮುರಿದಿದ್ದು ಅಂತ ಒಪ್ಕೊಂಡು ಮನೆಗೆ ಹೋಗಿ ಊಟ ಮಾಡ್ತೀಯಾ? ಎಷ್ಟು ಇಳಿದುಹೋಗಿದ್ದೀಯ ನೀನು. ರಾತ್ರಿ ನಿದ್ದೆ ಮಾಡಲ್ಲ ಅಂತಾಳೆ ನಿಮ್ಮಮ್ಮ. ಅಪ್ಪನ ಹತ್ರ ನಾನೇ ತಗೊಂಡು ಹೋದೆ, ನಾನೇ ಕೊಂದೆ ಅಂತ ಗೋಡೆಗೆ ತಲೆ ಚಚ್ಕೋತೀಯಂತೆ. ಅದು ನಿಲ್ಲುತ್ತಾ? ಮಾತು ಕೊಡು. ಹಾಂ, ತಲೆ ಆಡಿಸಿದೆ, ಅಷ್ಟು ಸಾಕು.

ಸರಿ. ಜೋಡಿಸು. ಯಾವ ಸಾಲಲ್ಲಿ ಬೇಕಾದ್ರೂ ಜೋಡಿಸು. ಟವೆಲ್ ಬೇಡ, ಮೋಸ ಇಲ್ಲ. ಒಂದು ತಟ್ಟಿದ ಮೇಲೆ ಉಸಿರು ಬಿಟ್ಟು ಇನ್ನೊಂದು ತಟ್ಟು, ಮುಂಚೆ ತಟ್ತಿದ್ದೆಯಲ್ಲ ಹಾಗೇ. ತಿರುಗಲಾ? ತಿರುಗಿದೆ. ನೋಡು, ಗೋಡೆಗೆ ಮೂಗು ತಾಗ್ತಿದೆ. ಈ ಗೋಡೆ ಮೇಲೆ ಇನ್ನೂ ನಿನ್ನ ಪೆನ್ಸಿಲ್ ಗೀಟು ಇವೆ, ಗೆದ್ದ ಲೆಕ್ಕ. ಎಲ್ಲಾ ಅಪ್ಪನ ಕಡೆ.

ಶುರು ಮಾಡು.

...ಟಣ್. ಜೀವ. ಮೊದಲನೇದು ಒಳ್ಳೇದು.

ಎರಡನೇದು... ಅದೂ ಜೀವ. ಚೆನ್ನಾಗಿ ತಟ್ಟಿದೆ, ಕೈ ಮರೆತಿಲ್ಲ ನೀನು.

ಮೂರು. ಅವಸರ ಮಾಡಬೇಡ... ಜೀವ. ಒಳ್ಳೇ ನಾದ ಇದೆ ಅದಕ್ಕೆ.

ನಾಲ್ಕು... ಹಾಂ. ಇದು. ಇದೇ ಕಣಮ್ಮ. ಸತ್ತದ್ದು. ನಾಲ್ಕನೇದು ಸತ್ತದ್ದು, ಡಬ್ ಅಂತು, ನನಗೆ ಸ್ಪಷ್ಟವಾಗಿ ಕೇಳಿಸ್ತು. ಐದನೇದು ತಟ್ಟೋದೇ ಬೇಡ, ಆದರೂ ತಟ್ಟು, ಲೆಕ್ಕ ಪೂರ್ತಿ ಆಗ್ಲಿ. ...ಟಣ್. ಜೀವ. ಮುಗೀತು. ಸರಿ ತಾನೇ? ನಾಲ್ಕನೇದು. ಹೇಳು, ಸರಿ ತಾನೇ? ನೋಡಿದ್ಯಾ, ಕಿವಿ ಮೇಷ್ಟ್ರ ಕಿವಿ. ಅರವತ್ತಾದ್ರೂ ಹಾಗೇ ಇದೆ. ಪೆನ್ಸಿಲ್ ಕೊಡು, ಇನ್ನೊಂದು ಗೀಟು ಎಳೀತೀನಿ. ಜೇಬಲ್ಲೇ ಇರ್ಬೇಕು ನನ್ನ ಹತ್ರ, ತಾಳು...

...

ನಾಣ್ಯ.

ನಾಣ್ಯ ನನ್ನ ಜೇಬಲ್ಲೇ ಇದೆ.

ನಾನು ನಿನಗೆ ಕೊಡಲೇ ಇಲ್ಲ ಅಲ್ವಾ. ತಟ್ಟಿ ಮುಗಿದ ಮೇಲೆ ಕೈ ತಾನಾಗೇ ಜೇಬಿಗೆ ಹಾಕುತ್ತೆ, ಮೂವತ್ತು ವರ್ಷದ ರೂಢಿ. ಹಾಗಾದ್ರೆ ನೀನು ಯಾವುದರಲ್ಲಿ ತಟ್ಟಿದೆ? ಬೀಗದ ಕೈಯಲ್ಲಾ? ಉಗುರಲ್ಲಾ?

ತಿರುಗಲಾ? ತಿರುಗ್ತೀನಿ.

ಕೂತೇ ಇದ್ದೀಯ. ನೀನು ಎದ್ದೇ ಇಲ್ಲ. ಡಬ್ಬ ಅಲ್ಲೇ ಹಲಗೆ ಮೇಲಿದೆ. ನೀನು ಅದನ್ನ ಇಳಿಸೇ ಇಲ್ಲ ಮಗಳೇ.

ನನಗೆ ಕಿವಿ ಕೇಳಲ್ಲ.

ಎರಡು ವರ್ಷ ಆಯ್ತು. ಮೊದಲು ಎಡದ್ದು ಹೋಯ್ತು, ಆಮೇಲೆ ಬಲದ್ದು. ಗ್ರೈಂಡರ್ರು, ಕಂಪ್ರೆಸರ್ರು, ಕಿವಿಗೆ ಹತ್ತಿ ಇಟ್ಕೊಳ್ಳಿ ಅಂತ ನಿಮ್ಮಮ್ಮ ಬಡ್ಕೊಂಡ್ಲು, ಹತ್ತಿ ಇಟ್ಕೊಂಡ್ರೆ ಕಿವಿ ಮೇಷ್ಟ್ರು ಹೇಗಾಗ್ತಾನೆ ಅಂತ ನಾನು. ಸದ್ದು ಹೋದ ಜಾಗದಲ್ಲಿ ಒಂದು ಟಣ್ ಬಂದು ಕೂತಿದೆ. ಹಗಲೂ ರಾತ್ರಿ ನಿಲ್ಲಲ್ಲ. ಯಾವ ಫ್ರೇಮ್ ತಟ್ಟಿದ್ರೂ ಅದೇ ಕೇಳುತ್ತೆ ನನಗೆ. ಎಲ್ಲಾ ಒಳ್ಳೇದು ಅಂತಲೇ ಕೇಳುತ್ತೆ. ಬಾಯಿ ನೋಡಿ ಮಾತು ತಿಳ್ಕೋತೀನಿ, ಫ್ರೇಮಿಗೆ ಬಾಯಿ ಎಲ್ಲಿದೆ.

ಆವತ್ತು ನಿನ್ನ ಫೋನು ಮುಗಿಯೋ ಮುಂಚೆ ಅಂಟಿಸ್ಬೇಕು ಅಂತ ಅವಸರ ಮಾಡಿದೆ. ಆ ಗುರುತಿನ ಮೇಲೆ ಹೆಬ್ಬೆರಳಿಟ್ಟೆ ಒಂದ್ಸಲ. ಮೆತ್ತಗಿತ್ತು. ಒಂದು ಚೂರು, ಕೂದಲೆಳೆಯಷ್ಟು ಮೆತ್ತಗೆ. ಬೆರಳಿಗೆ ಗೊತ್ತಾಯ್ತು. ಯಂತ್ರಕ್ಕೆ ಕಳಿಸು ಅಂತ ಹೇಳಿದ್ರೆ ಆಗ್ತಿತ್ತು. ಒಂದು ಮಾತು. ಆದರೆ ನೀನು ಹೊರಗೆ ಫೋನಲ್ಲಿ ನಗ್ತಾ ನಿಮ್ಮಮ್ಮನಿಗೆ ಹೇಳ್ತಿದ್ದೆ, ಅಪ್ಪ ನೋಡ್ತಿದ್ದಾರೆ ಇನ್ನೇನು ಚಿಂತೆ ಅಂತ. ಕಿಟಕಿಯಿಂದ ನಿನ್ನ ತುಟಿ ಕಾಣ್ತಿತ್ತು ನನಗೆ.

ಮುರಿದು ಬಿದ್ದ. ಕೇಳಿಸ್ತಾ? ಮುರಿದು ಬಿದ್ದ ಅವನು. ಗೋಡೆ ಮೇಲೆ ನೀಲಿ ಇರಲಿಲ್ಲ. ನೀನಲ್ಲ ಮಗಳೇ, ನೀನು ಅಪ್ಪನ್ನ ನಂಬಿದೆ ಅಷ್ಟೇ. ನೀನು ಇನ್ನು ಗೋಡೆಗೆ ತಲೆ ಚಚ್ಕೋಬಾರದು.

ಆ ಆರು ಫ್ರೇಮಿನ ಚೀಟಿ ಕೀಳು. ನೀನೇ ಕೀಳು. ನಾಳೆ ಬರೋವರಿಗೆ ನಾನೇ ಹೇಳ್ತೀನಿ. ಹಳೇ ಚೀಟಿ ಅಂಟಿಸ್ಕೊಂಡು ಓಡಾಡ್ತಿರೋರಿಗೂ ಹೇಳ್ತೀನಿ, ಒಬ್ಬೊಬ್ಬರ ಮನೆಗೂ ಹೋಗಿ ಹೇಳ್ತೀನಿ. ಎರಡು ವರ್ಷದ್ದು. ಲೆಕ್ಕದ ಪುಸ್ತಕದಲ್ಲಿ ಹೆಸರಿದೆ ಎಲ್ಲರದ್ದೂ.

ಮಗಳೇ.

ಕೈ ತೆಗಿ. ಮುಖದ ಮೇಲಿಂದ ಕೈ ತೆಗಿ ಒಂದ್ಸಲ. ನಿನ್ನ ಭುಜ ಅಲುಗಾಡ್ತಿದೆ, ಅಷ್ಟೇ ಕಾಣ್ತಿದೆ ನನಗೆ. ನೀನು ಅಳ್ತಿದ್ದೀಯೋ, ನನಗೆ ಏನಾದ್ರೂ ಹೇಳ್ತಿದ್ದೀಯೋ... ನನಗೆ ಗೊತ್ತಾಗ್ತಿಲ್ಲ.